ಕಡಲಿಗೆ ಮುಖ ಮಾಡಿದ ಬಂಗಲೆ

ಈ ಪುಟಗಳಲ್ಲಿ ಕಾದಂಬರಿ, ಕವನ ಸಂಕಲನ, ನಾಟಕ ಪ್ರಯೋಗಗಳ ವಿಮರ್ಶೆ ಬರುವುದು ವಾಡಿಕೆ. ಈ ಸಲ ನಾವು ಕೈಗೆತ್ತಿಕೊಂಡಿರುವ ಕೃತಿಗೆ ಪ್ರಕಾಶಕರಿದ್ದಾರೆ, ಲೇಖಕರಿಲ್ಲ. ಮುಖಬೆಲೆಯೂ ಇಲ್ಲ, ಆದರೆ ಓದಿ ಮೆಚ್ಚಿದವರು ರಾತ್ರಿಯೊಂದಕ್ಕೆ 18,500 ರೂಪಾಯಿ ತೆರಬೇಕು, ಅದರ ಮೇಲೆ ಶೇಕಡಾ 18ರ ತೆರಿಗೆ ಬೇರೆ. ನುಣುಪು ಕಾಗದದ 36 ಪುಟಗಳ ಈ ಹೊತ್ತಗೆ ಉತ್ತರ ಕನ್ನಡದ ಕಡಲತೀರದಲ್ಲಿ ಎದ್ದಿರುವ ಒಂದು ಐಷಾರಾಮಿ ವಿಹಾರಧಾಮದ ಪರಿಚಯ ಪುಸ್ತಿಕೆ. ಧಾಮದ ಹೆಸರು ಇಲ್ಲಿ ಬೇಡ. ಹೆಸರೊಂದನ್ನು ಬದಲಿಸಿದರೆ ಇದೇ ಪುಸ್ತಿಕೆ ಗೋವೆಗೂ ಸಲ್ಲುತ್ತದೆ, ಕೇರಳಕ್ಕೂ ಸಲ್ಲುತ್ತದೆ. ಅದೇ ಅದರ ಮೊದಲ ದೋಷ.

ಗುಮಾಸ್ತಿಕೆಯಲ್ಲಿ ದಿನ ಕಳೆಯುವ ನಮಗೆ ಇಂಥದನ್ನು ಓದುವ ಪ್ರಸಂಗ ಏಕೆ ಬಂತೆಂದು ಓದುಗರು ಕೇಳಬಹುದು. ಕೇಂದ್ರ ಸರಕಾರದ ನೌಕರರಿಗೆ ನಾಲ್ಕು ವರ್ಷಗಳ ಬ್ಲಾಕಿನಲ್ಲಿ ಎಲ್‌.ಟಿ.ಸಿ. ಎಂಬ ಹಬ್ಬ ಬರುತ್ತದೆಯಷ್ಟೆ. ಸರಕಾರ ಕೊಡುವುದು ಪ್ರಯಾಣದ ಟಿಕೀಟಿನ ಹಣ ಮಾತ್ರ. ಇಳಿದುಕೊಳ್ಳುವುದು, ಉಣ್ಣುವುದು ನಮ್ಮ ಕಿಸೆಯಿಂದಲೇ. ಜೊತೆಗೆ ಹತ್ತು ದಿನಗಳ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಬಹುದು. ನಮ್ಮ ಪಾಲಿಗೆ ಅದು 23 ಸಾವಿರದ ಚಿಲ್ಲರೆ. ಬಂಗಲೆಯ ಒಂದು ರಾತ್ರಿಗೆ ತೆರಿಗೆ ಸೇರಿ 21,830. ಎಂದರೆ ಹತ್ತು ದಿನದ ರಜೆ ಮಾರಿ ಒಂದು ರಾತ್ರಿ ಕೊಂಡಂತೆ. ಪುಸ್ತಿಕೆಯನ್ನು ಗೆಳತಿಯ ಮನೆಯಿಂದ ತಂದವಳು ಹನ್ನೊಂದನೆಯ ತರಗತಿಯ ನಮ್ಮ ಮಗಳು. “ಹೇಗೂ ಊರಿಗೇ ಹೋಗುವುದಲ್ಲ ಅಪ್ಪ, ದೊಡ್ಡಪ್ಪನ ಮನೆಯಿಂದ ಆರೇ ಕಿಲೋಮೀಟರು” ಎಂದಳು. ಆ ಆರು ಕಿಲೋಮೀಟರೇ ತೊಡಕು. ಅಂಕೋಲೆಯ ಕಡೆ ಸ್ವಂತ ಅಣ್ಣನ ಮನೆಯಿರುವಾಗ, ಕೂಗಳತೆಯಲ್ಲಿ ಹಣ ಕೊಟ್ಟು ಇಳಿದವನನ್ನು ಊರು ಏನೆಂದೀತು?

ಹಾಗೆಂದು ಕಡಲಿನ ಹಸಿವು ಸುಳ್ಳಲ್ಲ. ಡೊಂಬಿವಿಲಿಯಲ್ಲಿರುವ ನಮಗೆ ಹತ್ತಿರದ ಕಡಲೆಂದರೆ ಮೋಠಾಗಾಂವದ ರೇತಿಬಂದರಿನ ಖಾಡಿ. ಉಲ್ಲಾಸ ನದಿಗೆ ಭರತ ಬಂದಾಗ ಕೆಸರು ಬಣ್ಣದ ನೀರು ಏರುತ್ತದೆ, ಇಳಿತ ಬಂದಾಗ ಬರಿಯ ಕೆಸರು ಉಳಿಯುತ್ತದೆ. ಕಲ್ಯಾಣದವರದೂ ಇದೇ ಪಾಡು. ನವಿ ಮುಂಬಯಿಯ ಬಂಧುಗಳಿಗೆ ವಾಶಿಯಿಂದ ಬೇಲಾಪುರಕ್ಕೆ ಹೋಗುವ ಪಾಮ್ ಬೀಚ್ ರಸ್ತೆಯಿದೆ. ಅದರ ಉದ್ದಕ್ಕೂ ಬೀಚನ್ನು ಹುಡುಕಿಕೊಂಡು ಹೋದವರಿಗೆ ಸಿಗುವುದು ಖಾಡಿಯಂಚಿನ ಕಾಂಡ್ಲಾ ಕಾಡು. ಕಾಡು ಒಳ್ಳೆಯದೇ, ಫ್ಲೆಮಿಂಗೊ ಹಕ್ಕಿಗಳು ಬರುತ್ತವೆ, ಆದರೆ ಅದು ಬೀಚಲ್ಲ. ಠಾಣೆಯ ಘೋಡ್‌ಬಂದರ್ ರಸ್ತೆಯ ಕಟ್ಟಡಗಳ ಹೆಸರುಗಳನ್ನು ಓದಿದರೆ ಇಟಲಿಯನ್ನೋ ಸ್ಪೇನನ್ನೋ ದಾಟಿದಂತಾಗುತ್ತದೆ. ಇಲ್ಲದ್ದನ್ನು ಹೆಸರಿಟ್ಟು ಇದೆ ಎನ್ನಿಸುವ ಈ ಭಾಷೆಗೆ ನಾವೆಲ್ಲ ಒಗ್ಗಿಹೋಗಿದ್ದೇವೆ. ನಮ್ಮ ಪುಸ್ತಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಇದ್ದದ್ದನ್ನು ಹೆಸರಿಸದೆ ಇಲ್ಲವೆನ್ನಿಸುತ್ತದೆ.

ಗುಮಾಸ್ತರ ಚಾಳಿಯಂತೆ ನಾವು ಮೊದಲು ಎಣಿಸಿದೆವು. ಒಟ್ಟು 41 ಚಿತ್ರಗಳು. ಮನುಷ್ಯರು ಕಾಣಿಸುವುದು ಒಂಬತ್ತರಲ್ಲಿ. ಅವುಗಳಲ್ಲಿ ಎಂಟರಲ್ಲಿ ಅವರು ಕುಳಿತಿದ್ದಾರೆ ಅಥವಾ ಮಲಗಿದ್ದಾರೆ. ಒಂದರಲ್ಲಿ ಮಾತ್ರ ಒಬ್ಬಾತ ನಿಂತಿದ್ದಾನೆ, ಕೈಯಲ್ಲಿ ಹಣ್ಣಿನ ತಟ್ಟೆಯಿದೆ. ಚಿತ್ರದ ಅಂಚು ಅವನ ಕುತ್ತಿಗೆಗೆ ಸರಿಯಾಗಿ ಬಂದು ಮುಖ ಕತ್ತರಿಸಿಹೋಗಿದೆ. ದೋಣಿಗಳು ಐದು ಚಿತ್ರಗಳಲ್ಲಿವೆ, ಮೀನುಗಾರರು ಒಂದರಲ್ಲೂ ಇಲ್ಲ. ಇಡೀ ಹೊತ್ತಗೆ ಇಂಗ್ಲಿಷಿನಲ್ಲಿದೆ. ಕನ್ನಡದ ಒಂದೇ ಪದ ಕೊನೆಯ ಪುಟದ ನಕ್ಷೆಯಲ್ಲಿದೆ, ಊರಿನ ಹೆಸರು. ಅದೂ ಕಾಗುಣಿತ ತಪ್ಪಿ.

ಇನ್ನು ಗದ್ಯ. ‘ಯಾರೂ ಮುಟ್ಟದ ಕಡಲತೀರ’ ಎಂಬುದು ಪುಸ್ತಿಕೆಯ ಮೊದಲ ವಾಕ್ಯ, ಕೊನೆಯ ವಾಕ್ಯವೂ ಹೌದು. ಅದೇ ಮರಳಿನಲ್ಲಿ ನಮ್ಮ ಹಿರಿಯರ ಕಾಲದಲ್ಲಿ ರಂಪಣಿ ಎಳೆಯುತ್ತಿದ್ದರು. ರಂಪಣಿಯೆಂದರೆ ಒಬ್ಬಿಬ್ಬರ ಬಲೆಯಲ್ಲ. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದ ಮೇಲೆ, ದಡದಲ್ಲಿ ಎರಡೂ ತುದಿಗಳನ್ನು ಹತ್ತಾರು ಜನ ಸೇರಿ ಗಂಟೆಗಟ್ಟಲೆ ಎಳೆಯಬೇಕು. ಬಂಗಡೆ, ತಾರ್ಲೆ ರಾಶಿ ಬಿದ್ದಾಗ ಪಾಲು ಹಂಚುವುದೂ ಅದೇ ಮರಳಿನ ಮೇಲೆ. 1970ರ ದಶಕದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆ ಹಿಡಿದು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುಗಟ್ಟಿ ಹಿಡಿಯತೊಡಗಿದವು. ರಂಪಣಿ ಹಿಂದೆ ಬಿತ್ತು, ಜಗಳಗಳಾದವು. ಊರಿಗೆ ಊರೇ ಕಾಲೂರಿ ಹಗ್ಗ ಎಳೆದ ದಡಕ್ಕೆ ‘ಯಾರೂ ಮುಟ್ಟದ’ ಎಂಬ ವಿಶೇಷಣ ಹಚ್ಚಬೇಕಾದರೆ, ಮುಟ್ಟಿದವರು ಲೆಕ್ಕಕ್ಕಿಲ್ಲ ಎಂದಾಗಬೇಕು. ಪ್ರವಾಸ ಸಾಹಿತ್ಯದಲ್ಲಿ ಇದು ಹಳೆಯ ರೋಗ.

‘ಬಂಗಲೆ’ ಎಂಬ ಪದವನ್ನೂ ಸ್ವಲ್ಪ ನೋಡಬೇಕು. ಬಂಗಾಲದ ಮಾದರಿಯ ಮನೆ, ಅದಕ್ಕೆ ‘ಬಂಗ್ಲಾ’. ಬಂಗಾಲದ ರೈತನ ಹುಲ್ಲು ಮಾಡಿನ ಗುಡಿಸಲನ್ನು ನೋಡಿ ಇಂಗ್ಲಿಷರು ಅದಕ್ಕೆ ಸುತ್ತಲೂ ವೆರಾಂಡ ಕೊಟ್ಟು ತಮ್ಮ ಅಧಿಕಾರಿಗಳಿಗೆ ಕಟ್ಟಿಸಿದರು. ನಮ್ಮ ಜಿಲ್ಲೆಗಳಿಗೆ ಅದು ಟ್ರಾವೆಲರ್ಸ್ ಬಂಗಲೆಯಾಗಿ, ಇನ್‌ಸ್ಪೆಕ್ಷನ್ ಬಂಗಲೆಯಾಗಿ ಬಂತು. ನಮ್ಮ ಬಾಲ್ಯದಲ್ಲಿ ಬಂಗಲೆಯೆಂದರೆ ಸಾಹೇಬರು ಇಳಿಯುವ ಜಾಗ. ಹೊರಗೆ ಜೀಪು, ಒಳಗೆ ಕೋಳಿಸಾರಿನ ಪರಿಮಳ, ಗೇಟಿನ ಬಳಿ ಅರ್ಜಿ ಹಿಡಿದು ನಿಂತ ಊರಿನವರು. ವೆರಾಂಡದಲ್ಲಿ ಕುಳಿತು ನೋಡುವವನೊಬ್ಬ, ಅಂಗಳದಲ್ಲಿ ನಿಂತು ನೋಡಿಸಿಕೊಳ್ಳುವವರು ಹಲವರು. ಆ ಕುರ್ಚಿಯಲ್ಲಿ ಒಂದು ರಾತ್ರಿ ಕೂಡ್ರುವ ಆಸೆ ಗುಮಾಸ್ತನಾದವನಿಗೆ ಇರುವುದಿಲ್ಲವೆಂದು ಹೇಳಿದರೆ ಅದು ಸುಳ್ಳು.

ಪುಸ್ತಿಕೆಯ ಬಂಗಲೆಗಳೆಲ್ಲ ಪಶ್ಚಿಮಕ್ಕೆ, ಕಡಲಿಗೆ ಮುಖ ಮಾಡಿವೆ. ಗೋಡೆಯಷ್ಟಗಲದ ಗಾಜು. ನಮ್ಮ ಹಳೆಯ ಮನೆ ಕಡಲಿನಿಂದ ಒಂದು ಕೂಗಿನ ದೂರದಲ್ಲಿತ್ತು, ಬಾಗಿಲು ಪೂರ್ವಕ್ಕೆ. ನಮ್ಮದೊಂದೇ ಅಲ್ಲ, ಕೇರಿಯ ಮನೆಗಳೆಲ್ಲ ಕಡಲಿಗೆ ಬೆನ್ನು ತಿರುಗಿಸಿಯೇ ಕುಳಿತಿದ್ದವು. ಇದಕ್ಕೆ ಶಾಸ್ತ್ರಕ್ಕಿಂತ ಮಳೆ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ನೀರಿನ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಪಶ್ಚಿಮದ ಗೋಡೆಗೆ ತೆಂಗಿನ ಗರಿಯ ತಟ್ಟಿ ಕಟ್ಟದಿದ್ದರೆ ಮಣ್ಣಿನ ಗೋಡೆ ಕರಗಿ ಹೋದೀತು. ಉಪ್ಪಿನ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಎಷ್ಟೆಂಬುದನ್ನು ಬಿ.ಎಸ್ಸಿ.ಯಲ್ಲಿ ಕ್ಲೋರೈಡಿನ ಪಾಠ ಓದುವ ಮುನ್ನವೇ ನಾವು ಕಿಟಕಿಯ ಸರಳುಗಳಲ್ಲಿ ಓದಿದ್ದೆವು. ಕಡಲಿನಿಂದ ಹೊಟ್ಟೆ ಹೊರೆಯುವವನು ಸಂಜೆ ಮನೆಗೆ ಬಂದ ಮೇಲೂ ಅದನ್ನೇ ನೋಡುತ್ತ ಕೂಡ್ರುವುದಿಲ್ಲ. ಗಾಜಿನ ಗೋಡೆಯನ್ನು ತೊಳೆಯುವುದು ಇನ್ನೊಬ್ಬರ ಕೆಲಸವಾದಾಗ ಮಾತ್ರ ಮನೆ ಕಡಲಿಗೆ ಮುಖ ಮಾಡೀತು. ಹೀಗೆಂದು ನಾವು ಒಂದು ಪುಟ ಬರೆದಿಟ್ಟು ಬಹಳ ಸಮಾಧಾನದಿಂದ ಮಲಗಿದೆವು.

ಮರುದಿನ ಸಾಹಿತ್ಯದ ಆಧಾರ ಹುಡುಕಿದೆವು. ಕನ್ನಡ ನಾಡಿನ ಕಡಲತೀರದ ವಿಹಾರವೆಂದರೆ ಕಾರವಾರದ ರವೀಂದ್ರನಾಥ ಠಾಕೂರರನ್ನು ಬಿಟ್ಟು ಹೇಳುವಂತಿಲ್ಲ. 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಆಸುಪಾಸಿನ ತರುಣ ಕವಿ ಅಲ್ಲಿ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅಲ್ಲಿಯೇ ಬರೆದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಏರಿ ಹೋಗಿ, ಮರಳುವಾಗ ಅಳಿವೆಯ ಬಳಿ ಇಳಿದು, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಈಗ ಅವರದೇ ಹೆಸರು. ನಮಗೆ ಬೇಕಾದ ಅಂಶ ಇನ್ನೊಂದಿತ್ತು. ಅವರು ಇಳಿದದ್ದು ಅಣ್ಣನ ಮನೆಯಲ್ಲಿ! ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಇದನ್ನು ಊಟದ ಹೊತ್ತಿಗೆ ಗೆಲುವಿನಿಂದ ಹೇಳಿದೆವು. “ಅವರ ಅಣ್ಣ ಜಡ್ಜು, ಅಪ್ಪ. ಮನೆ ತುಂಬ ಆಳುಗಳಿರುತ್ತಾರೆ” ಎಂದಳು ಮಗಳು.

ಆಗ ಮನೆಯಾಕೆ ತಟ್ಟೆ ಎತ್ತುತ್ತಿದ್ದವರು ಹಾಗೆಯೇ ನಿಂತರು. ಅವರು ಘಾಟ್ಕೋಪರಿನ ಕಂಪೆನಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಐದಕ್ಕೆ ಎದ್ದು, ಡಬ್ಬಿಗಳನ್ನು ಕಟ್ಟಿ, ಡೊಂಬಿವಿಲಿಯ ಫಾಸ್ಟ್ ಲೋಕಲಿನ ಬಾಗಿಲಲ್ಲಿ ತೂಗಾಡಿಕೊಂಡು ಹೋಗಿ, ಹಾಗೆಯೇ ಬಂದು ಮತ್ತೆ ಒಲೆ ಹಚ್ಚುತ್ತಾರೆ. ಹೆಚ್ಚು ಮಾತಿನವರಲ್ಲ. “ನೀವು ಬರೆದದ್ದನ್ನು ನೋಡಿದೆ. ಚೆನ್ನಾಗಿದೆ. ಆದರೆ ಊರಿಗೆ ಹೋಗುವಾಗ ನಿಮ್ಮದು ಎಲ್‌.ಟಿ.ಸಿ., ನನ್ನದು ವರ್ಗಾವಣೆ. ಡೊಂಬಿವಿಲಿಯ ಒಲೆಯಿಂದ ಅಂಕೋಲೆಯ ಒಲೆಗೆ. ಮದುವೆಯಾಗಿ ಹತ್ತೊಂಬತ್ತು ವರ್ಷ ಆಯಿತು, ಊರಿಗೆ ಹದಿನಾಲ್ಕು ಸಲ ಹೋಗಿದ್ದೇವೆ. ಸಂಜೆ ಹೊತ್ತು ಕಡಲಿಗೆ ನಾನು ಮೂರು ಸಲ ಹೋಗಿದ್ದೇನೆ. ಎಣಿಸುವುದು ನಿಮಗೊಬ್ಬರಿಗೇ ಬರುತ್ತದೆಂದು ತಿಳಿಯಬೇಡಿ” ಎಂದರು.

ನಮ್ಮ ವಿಮರ್ಶೆಯ ಬುಡ ಅಲುಗಿದ್ದು ಇಲ್ಲಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮತ್ತೆ ತೆರೆದೆವು. ಕಡಲ ಅಂಚಿನ ಕೋಡಿ ಗ್ರಾಮದ ಮೂರು ತಲೆಮಾರಿನ ಕತೆ ಅದು. ಕಾಲೇಜಿನ ದಿನಗಳಲ್ಲಿ ಓದಿದಾಗ ನಮಗೆ ಮನಸ್ಸಿನಲ್ಲಿ ನಿಂತದ್ದು ಕಡಲು, ಮತ್ತು ಓದಿ ಪಟ್ಟಣ ಸುತ್ತಿ ಮಣ್ಣಿಗೆ ಮರಳುವ ರಾಮ. ವಲಸೆ ಬಂದವರಿಗೆಲ್ಲ ರಾಮನೇ ಇಷ್ಟ. ಈಗ ಓದಿದಾಗ ಕಂಡವರು ಪಾರೋತಿ, ಸರಸೋತಿ, ಅನಂತರ ನಾಗವೇಣಿ. ಕಡಲು ಮೊರೆಯುತ್ತಲೇ ಇರುತ್ತದೆ, ಈ ಹೆಂಗಸರು ಗದ್ದೆ, ಹಟ್ಟಿ, ಒಲೆ, ಸೌದೆ ಎಂದು ಬಾಗಿಕೊಂಡೇ ಇರುತ್ತಾರೆ. ಮಣ್ಣಿಗೆ ಮರಳುವ ಗಂಡಸಿಗೆ ಮಣ್ಣನ್ನು ಕಾದಿಟ್ಟವರು ಅವರು. ಕಾರಂತರು ಇದನ್ನು ಎಲ್ಲಿಯೂ ಮರೆಸಿಲ್ಲ. ಮರೆತು ಓದಿದವರು ನಾವು.

ನಮ್ಮ ಆಯಿ ಕಡಲನ್ನು ನೋಡಿದ್ದು ಯಾವಾಗ? ಶಿವರಾತ್ರಿಯ ಸಮುದ್ರಸ್ನಾನಕ್ಕೆ ಗೋಕರ್ಣಕ್ಕೆ ಹೋದಾಗ. ಸುಗ್ಗಿ ಮುಗಿದ ಮೇಲೆ ಒಂದೆರಡು ಸಲ, ಗೊಬ್ಬರಕ್ಕೆಂದು ಮೀನಿನ ಬುಟ್ಟಿ ತರಲು. ಸುಮ್ಮನೆ ಕುಳಿತು ನೋಡಿದ್ದು ನಮ್ಮ ನೆನಪಿನಲ್ಲಿಲ್ಲ. ಕಡಲಿಗೆ ಬೆನ್ನು ಮಾಡಿದ ಮನೆಯನ್ನು ನಾವು ಹೊಗಳಿ ಬರೆದೆವಲ್ಲ, ಆ ಮನೆಯ ಅಡಿಗೆ ಕೋಣೆಗೆ ಪಶ್ಚಿಮದಲ್ಲಿ ಕಿಟಕಿಯೇ ಇರಲಿಲ್ಲ. ತಟ್ಟೆ ಹಿಡಿದವನ ಮುಖವನ್ನು ಪುಸ್ತಿಕೆಯವರು ಕತ್ತರಿಸಿದರೆಂದು ನಾವು ದೂರಿದೆವು. ನಮ್ಮ ನೆನಪಿನ ಊರಿನಲ್ಲಿ ಗಂಜಿ ಬಿಸಿಯಾಗಿಯೇ ಇರುತ್ತದೆ, ಬಂಗಡೆ ಹುರಿದೇ ಇರುತ್ತದೆ, ಹುರಿದವರು ಚಿತ್ರದಲ್ಲಿಲ್ಲ.

ಹಾಗಾದರೆ ಬಂಗಲೆಗೇ ಹೋಗುವುದೆಂದು ಅರ್ಧ ಮನಸ್ಸು ಮಾಡಿ ಅಣ್ಣನಿಗೆ ಫೋನು ಮಾಡಿದೆವು. ಅಣ್ಣ ಬೇಸರಪಟ್ಟುಕೊಳ್ಳಲಿಲ್ಲ, ನಕ್ಕ. ಆಮೇಲೆ ಒಂದು ಸಂಗತಿ ಹೇಳಿದ. ಆ ಜಾಗದ ಪಕ್ಕದಲ್ಲಿ ಕಡಲಿಗೆ ಇಳಿಯುವ ಹಳೆಯ ಕಾಲುದಾರಿಯಿತ್ತಷ್ಟೆ, ಅದಕ್ಕೆ ಎರಡು ವರ್ಷದಿಂದ ಕಬ್ಬಿಣದ ಗೇಟು ಬಿದ್ದಿದೆ. ಮೀನಿಗೆ ಹೋಗುವವರು ಈಗ ಸುತ್ತು ಹಾಕಿ ಹೋಗುತ್ತಾರೆ.

ಪುಸ್ತಿಕೆಯ 14ನೆಯ ಪುಟದ ‘ನಿಮ್ಮದೇ ಖಾಸಗಿ ಕಡಲತೀರ’ ಎಂಬ ಮಾತಿಗೆ ಆಗ ಅರ್ಥ ಬಂತು. ನಮ್ಮ ದೇಶದಲ್ಲಿ ಭರತ ಇಳಿತಗಳ ನಡುವಿನ ಮರಳು ಯಾರ ಖಾಸಗಿ ಸೊತ್ತೂ ಅಲ್ಲ. ಗೋವೆಯ ದೋನಾ ಪಾವ್ಲಾ ಬಳಿಯ ವೈಂಗಿಣಿ ಕಡಲತೀರಕ್ಕೆ ಹೋಗುವ ದಾರಿಯ ಬಗ್ಗೆ ಫೊಮೆಂತೊ ಹೊಟೆಲು ಕಂಪೆನಿಗೂ ಊರಿನವರಿಗೂ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರ ಜನವರಿಯಲ್ಲಿ ತೀರ್ಪಾಯಿತು: ಕಡಲತೀರದಂಥ ಸಂಪತ್ತಿಗೆ ಸರಕಾರ ಜನರ ಪರವಾಗಿ ಇರುವ ಧರ್ಮದರ್ಶಿ ಮಾತ್ರ, ಸಾರ್ವಜನಿಕರ ದಾರಿ ತೆರೆದಿರಬೇಕು. ಅದರ ಬೆನ್ನಿಗೇ ಗೋವಾ ಸರಕಾರ ಕಟ್ಟಡ ಉಳಿಯುವಂತೆ ಕಾನೂನಿಗೆ ತಿದ್ದುಪಡಿ ತಂದದ್ದು ಬೇರೆ ಕತೆ. ನಿಯಮಗಳ ಇತಿಹಾಸವೂ ಹೀಗೆಯೇ. ಇಂದಿರಾ ಗಾಂಧಿಯವರು 1981ರಲ್ಲಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಭರತರೇಖೆಯಿಂದ 500 ಮೀಟರು ಬಿಟ್ಟು ಕಟ್ಟಬೇಕೆಂದರು. 1983ರ ನವೆಂಬರಿನಲ್ಲಿ ಕಾಮನ್‌ವೆಲ್ತ್ ನಾಯಕರನ್ನು ವಿಶ್ರಾಂತಿಗೆ ಗೋವೆಗೆ ಕರೆದಾಗ ಅವರಿಗಾಗಿ ಅಗ್ವಾದದ ಕಡಲ ಮೇಲಣ ಗುಡ್ಡದಲ್ಲೇ ಬಂಗಲೆಗಳು ಎದ್ದವು. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಗ್ರಾಮೀಣ ತೀರದಲ್ಲಿ 200 ಮೀಟರಿನ ನಿಷೇಧ ಹಾಕಿತು. 2019ರದು ಜನದಟ್ಟಣೆಯ ಹಳ್ಳಿಗಳಲ್ಲಿ ಅದನ್ನು 50ಕ್ಕೆ ಇಳಿಸಿತು. ನಮ್ಮ ಪುಸ್ತಿಕೆಯ ಬಂಗಲೆ ಎಷ್ಟು ಮೀಟರಿನಲ್ಲಿದೆಯೆಂದು ಎಲ್ಲಿಯೂ ಬರೆದಿಲ್ಲ. ‘ಹಾಸಿಗೆಯಿಂದ ಅಲೆಗೆ ಹತ್ತು ಹೆಜ್ಜೆ’ ಎಂದಿದೆ. ಜಾಹೀರಾತಿನಲ್ಲಿ ಇದು ಹೆಮ್ಮೆ, ಕಡತದಲ್ಲಿ ಬರೆದರೆ ತಪ್ಪೊಪ್ಪಿಗೆ.

ಆದರೂ ಕೇಳದೆ ನಿರ್ಧರಿಸಬಾರದೆಂದು ಧಾಮದ ನಂಬರಿಗೆ ಫೋನು ಮಾಡಿ, ಊರಿನವರು ಕಡಲಿಗೆ ಹೋಗಲು ದಾರಿಯಿದೆಯೇ ಎಂದು ವಿಚಾರಿಸಿದೆವು. ಆ ಕಡೆಯ ಹುಡುಗಿ ನಮಗೆ ಧೈರ್ಯ ಹೇಳುವ ದನಿಯಲ್ಲಿ, “ಇಲ್ಲ ಸರ್, ಹೊರಗಿನವರು ಯಾರೂ ಬರುವುದಿಲ್ಲ” ಎಂದಳು. ಅವಳ ಕನ್ನಡ ಕುಮಟೆಯ ಕಡೆಯದು.

ಅಲ್ಲಿಗೆ ಆ ಬಂಗಲೆ ಬಿತ್ತು. ಮನೆಯಾಕೆಯ ಲೆಕ್ಕ ಮಾತ್ರ ಬೀಳಲಿಲ್ಲ. ಗೇಟಿನ ತಪ್ಪಿಗೆ ಅವರನ್ನು ಮತ್ತೆ ಒಲೆಯ ಮುಂದೆ ಕೂರಿಸುವುದು ನಮಗೆ ಅನುಕೂಲದ ಆದರ್ಶವಾದೀತು. ಕಾರವಾರದ ಬಳಿ, ಠಾಕೂರರು ದೋಣಿಯಿಂದ ಇಳಿದ ಅದೇ ಕಾಳಿಯ ಅಳಿವೆಯ ಕಡೆ, ದೇವಬಾಗದಲ್ಲಿ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಿಹಾರಧಾಮವಿದೆ. ಸಂಸ್ಥೆ 1980ರದು. ಗಾಳಿಮರಗಳ ತೋಪಿನಲ್ಲಿ ಕಂಬಗಳ ಮೇಲೆ ನಿಲ್ಲಿಸಿದ ಮರದ ಮನೆಗಳು, ದೋಣಿಯಲ್ಲಿ ಹೋಗಬೇಕು, ತಲೆಗಿಷ್ಟು ಎಂದು ದರ, ಊಟ ಅದರಲ್ಲೇ ಸೇರಿದೆ. ಐಷಾರಾಮವೆನ್ನಲಾಗದು, ಗಾಜಿನ ಗೋಡೆಯೂ ಇಲ್ಲ. ಊಟ ಅವರದೇ ಎಂಬ ಸಾಲನ್ನು ಮನೆಯಾಕೆ ಎರಡು ಸಲ ಓದಿದರು. ಅನಂತರ, “ಅಕ್ಕನವರನ್ನೂ ಕರೆದುಕೊಂಡು ಹೋಗೋಣ. ಅವರು ಇಪ್ಪತ್ತಾರು ವರ್ಷದಿಂದ ಕಡಲಿನ ಸದ್ದು ಕೇಳಿಕೊಂಡೇ ಅಡಿಗೆ ಮಾಡಿದ್ದಾರೆ” ಎಂದರು.

ನಗದು ಮಾಡಿದ ರಜೆಯ ಹಣ ಮೂವರಿಗೆ ಸಾಲುತ್ತದೆ: ಅತ್ತಿಗೆ, ಮನೆಯಾಕೆ, ಮಗಳು. ಠಾಣೆಯಿಂದ ಮತ್ಸ್ಯಗಂಧದಲ್ಲಿ ಟಿಕೀಟು ಆಗಿದೆ. ಅವರು ದೇವಬಾಗದಲ್ಲಿರುವ ಎರಡು ದಿನ ಅಣ್ಣನೂ ನಾವೂ ಊರಿನ ಮನೆಯಲ್ಲಿದ್ದು ಒಲೆ, ಹಟ್ಟಿ, ಅಂಗಳ ನೋಡಿಕೊಳ್ಳುವುದೆಂದು ತೀರ್ಮಾನ. ಅಣ್ಣ ಒಪ್ಪಿದ್ದಾನೆ, ಗಂಜಿ ಬೇಯಿಸಲು ಅವನಿಗೆ ಬರುತ್ತದೋ ಇಲ್ಲವೋ ನಾವು ಕೇಳಿಲ್ಲ. ಅತ್ತಿಗೆಗೆ ಸುದ್ದಿ ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಎಲ್ಲ ಸರಿ ತಮ್ಮಾ, ಎಮ್ಮೆ ನಿನ್ನ ಕೈಗೆ ಹಾಲು ಕೊಡ್ತದಾ?”